ಮೂವತ್ತು ಸೆಕೆಂಡಿನಲ್ಲಿ ಅಳಿಸಿದ ಮೇಲ್

ಎರಡು ವರ್ಷದ ಹಿಂದೆ ನಾನು ಕೊಪ್ಪದ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಡಿಜಿಟಲ್ ಸುರಕ್ಷತೆಯ ತರಬೇತುದಾರಳಾಗಿದ್ದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರೂ ತಾಲ್ಲೂಕು ನನ್ನ ಪಾಲಿಗೆ ಬಂದಿದ್ದವು. ಕೆಲಸದ ಸ್ವರೂಪ ಸರಳ. ಒಂದೊಂದು ಊರಿನಲ್ಲಿ ಹತ್ತು ಹದಿನೈದು ಜನರನ್ನು ಸೇರಿಸಿ, ಐದು ಭಾನುವಾರ ತರಗತಿ ನಡೆಸಿ, ಮೋಸದ ಇಮೇಲ್ ಗುರುತಿಸುವುದು ಹೇಗೆಂದು ಕಲಿಸಬೇಕು. ಬ್ಯಾಂಕಿನವರಂತೆಯೋ ಕಚೇರಿಯವರಂತೆಯೋ ನಟಿಸಿ ನಮ್ಮ ಗುಟ್ಟಿನ ವಿವರ ಕಸಿಯುವ ಈ ಮೇಲ್‌ಗಳಿಗೆ ಫಿಶಿಂಗ್ ಎನ್ನುತ್ತಾರೆ. ಜನರು ಹೆದರದೆ ಫೋನ್ ಬಳಸುವಂತಾಗಬೇಕು ಎನ್ನುವುದು ಸಂಸ್ಥೆಯ ಉದ್ದೇಶ. ಕಾಗದದಲ್ಲಿ ಅದನ್ನು 'ಆನ್‌ಲೈನ್ ಆತ್ಮವಿಶ್ವಾಸ' ಎಂದು ಬರೆದಿದ್ದರು.

ಹೆದರಿಕೆ ನಿಜಕ್ಕೂ ಇತ್ತು. ಮೇಗುಂದದಲ್ಲಿ ಒಬ್ಬರು ರಾತ್ರಿಯೊಳಗೆ ಕರೆಂಟ್ ಕಡಿತವಾಗುತ್ತದೆ ಎಂಬ ಸುಳ್ಳು ಮೇಲ್ ನಂಬಿ ಕೈ ಸುಟ್ಟುಕೊಂಡಿದ್ದರು. ಆಮೇಲೆ ಅವರ ಹೆಂಡತಿ ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಡಲು ಶುರು ಮಾಡಿದ್ದರು. ಅದೇ ಊರಿನ ತರಗತಿಯಲ್ಲಿ ನಾನು, "ನಿಮಗೆ ಲಾಟರಿ ಹೊಡೆದಿದೆ ಅಂತ ಮೇಲ್ ಬಂದರೆ ಏನು ಮಾಡ್ತೀರಿ?" ಎಂದು ಕೇಳಿದ್ದಕ್ಕೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, "ಟಿಕೆಟ್ಟೇ ತಗಳ್ದೆ ಲಾಟರಿ ಹೊಡೆಯೋಕೆ ನಮ್ಮನೆಯವ್ರು ಅಷ್ಟೆಲ್ಲ ಅದೃಷ್ಟವಂತ್ರಲ್ಲ ಬಿಡಿ" ಎಂದಿದ್ದರು. ಬುದ್ಧಿಯ ಕೊರತೆ ಎಲ್ಲಿಯೂ ಇರಲಿಲ್ಲ. ಅದನ್ನು ನಾನು ಆಗಲೇ ಸರಿಯಾಗಿ ಗಮನಿಸಬೇಕಿತ್ತು.

ನಾನು ಕಾಲೇಜಿನ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಿಂತವಳು. ಎದುರಾಳಿಯ ಮಾತಿನಲ್ಲಿ ಬಿರುಕು ಹುಡುಕುವುದು, ಗಂಟೆ ಹೊಡೆಯುವ ಮೊದಲು ಅದನ್ನು ಸಭೆಗೆ ತೋರಿಸುವುದು, ಇವೆರಡನ್ನು ನಾನು ಚೆನ್ನಾಗಿ ಕಲಿತಿದ್ದೆ. ತರಗತಿಯನ್ನೂ ಹಾಗೆಯೇ ಕಟ್ಟಿದೆ. ಮೋಸದ ಮೇಲ್‌ಗೆ ಆರು ಲಕ್ಷಣ ಎಂದು ಹೇಳಿಕೊಡುತ್ತಿದ್ದೆ. ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದ ವಿಳಾಸದಿಂದ ಬಂದಿರುವುದು, ನಿಮ್ಮ ಹೆಸರು ಹಿಡಿದು ಕರೆಯದಿರುವುದು, ಅವಸರಪಡಿಸುವುದು, ಬೆದರಿಸುವುದು, ಲಿಂಕ್ ಒತ್ತಿ ಎನ್ನುವುದು, ಗುರುತಿನ ದಾಖಲೆ ಕೇಳುವುದು. ಆರರಲ್ಲಿ ಮೂರು ಕಂಡರೆ ಮೇಲ್ ಕಳ್ಳರದು. ಎಲ್ಲರಿಗೂ ಒಂದು ಕೆಂಪು, ಒಂದು ಹಸಿರು ಕಾರ್ಡ್ ಹಂಚಿ, ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಮೇಲ್ ತೋರಿಸಿ, ಮೂವತ್ತು ಸೆಕೆಂಡ್ ಎಣಿಸುತ್ತಿದ್ದೆ. ಅಷ್ಟರೊಳಗೆ ಕಾರ್ಡ್ ಎತ್ತಬೇಕು. ಜನ ನಗುತ್ತಿದ್ದರು, ಕೂಗುತ್ತಿದ್ದರು, ಬೇಗ ಕಲಿಯುತ್ತಿದ್ದರು. ಕಲಿಯುತ್ತಿದ್ದಾರೆ ಎಂದು ನಾನು ತಿಳಿದುಕೊಂಡಿದ್ದೆ.

ನರಸಿಂಹರಾಜಪುರದ ತಂಡದಲ್ಲಿ ಹದಿನಾಲ್ಕು ಜನ ಇದ್ದರು. ಅವರಲ್ಲಿ ಇಬ್ಬರ ಬಗ್ಗೆ ಹೇಳಬೇಕು.

ಒಬ್ಬರು ಸುಮಿತ್ರಕ್ಕ. ಹೆಸರು ಬದಲಿಸಿದ್ದೇನೆ. ಸೀತೂರಿನ ಕಡೆಯವರು, ಎನ್.ಆರ್.ಪುರದ ಒಂದು ಖಾಸಗಿ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ಟೆಕ್ನಿಷಿಯನ್. ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ವರದಿ ಬರೆಯುವುದು ಎಲ್ಲ ಅವರದೇ. ಬೇಸಿಗೆ ಬಂತೆಂದರೆ ಮಂಗನ ಕಾಯಿಲೆಯ ಅನುಮಾನದವರ ಸಾಲು ಬೇರೆ. "ನನಗೆ ಜ್ವರ ಬಂದ್ರೂ ಬೇರೆಯವ್ರ ಜ್ವರ ನೋಡ್ಬೇಕು ಮೇಡಂ. ರಜೆ ಹಾಕಿದ್ರೆ ಆ ದಿನದ ಸಂಬಳ ಇಲ್ಲ" ಎಂದು ಮೊದಲ ದಿನ ಪರಿಚಯ ಹೇಳುವಾಗ ಅಂದಿದ್ದರು. ನನಗಿಂತ ಹನ್ನೊಂದು ವರ್ಷ ದೊಡ್ಡವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಆ ವರ್ಷ ಅವರು ಪಕ್ಕದ ಜಿಲ್ಲೆಯ ಒಂದು ಅರೆಸರ್ಕಾರಿ ಸಂಸ್ಥೆಯ ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಅರ್ಜಿ ಹಾಕಿ, ಲಿಖಿತ ಪರೀಕ್ಷೆ ಬರೆದು ಬಂದಿದ್ದರು. ಕಾಯಂ ಹುದ್ದೆ, ಖಾಲಿ ಇದ್ದದ್ದು ಎರಡು. ಮುಂದಿನ ವರ್ಷಕ್ಕೆ ಅವರ ವಯಸ್ಸು ಮಿತಿ ದಾಟುತ್ತಿತ್ತು, ಹಾಗಾಗಿ ಅದೇ ಕೊನೆಯ ಅವಕಾಶ. ಆ ಫಲಿತಾಂಶ ಬರುವುದು ಇಮೇಲ್‌ನಲ್ಲಿ ಎಂಬ ಕಾರಣಕ್ಕೇ ಅವರು ತರಗತಿಗೆ ಸೇರಿದ್ದರು. ತಪ್ಪಾಗಿ ಏನಾದರೂ ಒತ್ತಿಬಿಟ್ಟರೆ ಎಂಬ ಭಯ ಅವರಿಗೆ.

ಇನ್ನೊಬ್ಬರು ರುದ್ರಪ್ಪಣ್ಣ. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ, ಅರವತ್ತು ದಾಟಿದ ವಯಸ್ಸು. ಹೊಸ ಹೊಸ ಸಗಟು ವ್ಯಾಪಾರಿಗಳ ಹೆಸರಿನಲ್ಲಿ ಅವರಿಗೆ ದಿನಕ್ಕೆ ನಾಲ್ಕು ಮೇಲ್ ಬರುತ್ತಿದ್ದವು. ಅವರು ಕಾರ್ಡ್ ಎತ್ತುವುದರಲ್ಲಿ ಯಾವಾಗಲೂ ಹಿಂದೆ. ಎರಡನೇ ವಾರ ನಾನು ತಮಾಷೆ ಮಾಡಿದೆ: "ರುದ್ರಪ್ಪಣ್ಣ, ಅಂಗಡಿಯಲ್ಲೂ ಇಷ್ಟು ಹೊತ್ತು ಯೋಚನೆ ಮಾಡ್ತೀರಾ?"

"ಅಂಗಡೀಲಿ ಯೋಚನೆ ಮಾಡದೇ ಇಲ್ಲ ಮಾರಾಯ್ತಿ" ಎಂದರು. "ಹೊಸ ಪಾರ್ಟಿ ಕಾಗದ ಬಂದ್ರೆ ಕಾಗದ ಬದಿಗಿಟ್ಟು, ಆ ಕಡೆ ಹೋಗೋ ಲಾರಿ ಡ್ರೈವರ್‌ನ ಕೇಳ್ತೀನಿ. ಅಲ್ಲಿ ಹಂಗೊಂದು ಗೋಡೌನ್ ಇದ್ಯಾ, ಬಾಗಿಲು ತೆಗೀತಾರಾ ಅಂತ. ಅವ ಹೂಂ ಅಂದ್ರೆ ಆರ್ಡರ್."

"ಅಲ್ಲಿವರೆಗೆ ಕಾಗದ?"

"ಕಾಗದ ಎಲ್ಲಿಗೆ ಓಡಿ ಹೋಗ್ತದೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಂಟರ್ನೆಟ್ ಕಾಲದಲ್ಲಿ ಲಾರಿ ಡ್ರೈವರ್‌ಗೆ ಕಾಯಲು ಆಗುವುದಿಲ್ಲ ಎಂದು ಹೇಳಿ ಮುಂದಿನ ಮೇಲ್ ತೋರಿಸಿದೆ.

ನಾಲ್ಕನೇ ಭಾನುವಾರ ಸುಮಿತ್ರಕ್ಕ ತರಗತಿ ಶುರುವಾಗುವ ಮೊದಲೇ ಬಂದು ಫೋನ್ ನನ್ನ ಕೈಗೆ ಕೊಟ್ಟರು. ಮೇಲ್ ಬಂದದ್ದು ಶುಕ್ರವಾರ ಸಂಜೆ. ಅವರ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ನೋಡಿದ್ದು ಶನಿವಾರ ಲ್ಯಾಬಿಗೆ ಬಂದ ಮೇಲೆ. ಮೇಲಿನ ತಲೆಬರಹದಲ್ಲೇ 'ಅರ್ಜೆಂಟ್' ಎಂದಿತ್ತು. 'ಪ್ರಿಯ ಅಭ್ಯರ್ಥಿಯೇ' ಎಂದು ಶುರು. ಪ್ರಮಾಣಪತ್ರಗಳು, ಆಧಾರ್, ಫೋಟೋ ಇವನ್ನು ಕೆಳಗಿನ ಲಿಂಕಿನಲ್ಲಿ ಸೋಮವಾರ ಸಂಜೆ ಐದರೊಳಗೆ ಅಪ್‌ಲೋಡ್ ಮಾಡಬೇಕು, ತಪ್ಪಿದರೆ ಅರ್ಜಿ ರದ್ದು. ಕಳಿಸಿದ ವಿಳಾಸ ಪುಕ್ಕಟೆಯದು. ನನ್ನ ಆರು ಲಕ್ಷಣಗಳೂ ಸಾಲಾಗಿ ಬಂದು ನಿಂತಿದ್ದವು. ಇಂಥ ಪಕ್ಕಾ ಮಾದರಿ ಸಿಕ್ಕಿತಲ್ಲ ಎಂದು ನನಗೆ ಖುಷಿಯಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಖುಷಿಯೇ.

"ಅಕ್ಕ, ಇದನ್ನು ಎಲ್ಲರಿಗೂ ತೋರಿಸಲಾ?" ಎಂದೆ. ಅವರು ಸ್ವಲ್ಪ ಹಿಂಜರಿದು ಒಪ್ಪಿದರು. ಅರ್ಜಿ ನಂಬರ್ ಮರೆಮಾಡಿ ಗೋಡೆಯ ಮೇಲೆ ಹಾಕಿದೆ. ಮೂವತ್ತು ಸೆಕೆಂಡ್ ಎಣಿಸಿದೆ. ಹನ್ನೆರಡು ಕೆಂಪು ಕಾರ್ಡ್ ಮೇಲೆದ್ದವು. ಸುಮಿತ್ರಕ್ಕ ಒಬ್ಬರೇ ಹಸಿರು ಎತ್ತಿದರು. ರುದ್ರಪ್ಪಣ್ಣ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಹಸಿರು ಯಾಕೆ ಅಕ್ಕ?"

"ಇದರಲ್ಲಿ ನನ್ನ ಅರ್ಜಿ ನಂಬರ್ ಸರಿಯಾಗೇ ಇದೆ ಮೇಡಂ. ಕಳ್ಳರಿಗೆ ಅದು ಹೆಂಗೆ ಗೊತ್ತಾಗತ್ತೆ?"

ಅದು ಒಳ್ಳೆಯ ಪ್ರಶ್ನೆ. ನಾನು ಅದನ್ನು ಪ್ರಶ್ನೆಯೆಂದು ಕೇಳಿಸಿಕೊಳ್ಳಲಿಲ್ಲ, ಎದುರಾಳಿಯ ವಾದವೆಂದು ಕೇಳಿಸಿಕೊಂಡೆ. ಅರ್ಜಿ ಹಾಕಿದವರ ಪಟ್ಟಿಯನ್ನು ಸಂಸ್ಥೆಗಳು ವೆಬ್‌ಸೈಟಿನಲ್ಲಿ ಬಹಿರಂಗವಾಗಿ ಹಾಕುತ್ತವೆ, ನಂಬರ್ ಯಾರಿಗೆ ಬೇಕಾದರೂ ಸಿಗುತ್ತದೆ ಎಂದೆ. ಆಮೇಲೆ ನನ್ನ ಫೋನಿನಲ್ಲಿ ಅವರ ಸಂಸ್ಥೆಯ ವೆಬ್‌ಸೈಟ್ ತೆರೆದು ಎತ್ತಿ ತೋರಿಸಿದೆ. ದಾಖಲೆ ಪರಿಶೀಲನೆಯ ಪ್ರಕಟಣೆ ಅಲ್ಲಿ ಇರಲಿಲ್ಲ. "ಫಲಿತಾಂಶವೇ ಬಂದಿಲ್ಲ. ಫಲಿತಾಂಶ ಬರದೆ ದಾಖಲೆ ಯಾಕೆ ಕೇಳ್ತಾರೆ? ನೀವೇ ಹೇಳಿ."

ಅಷ್ಟರಲ್ಲಿ ರುದ್ರಪ್ಪಣ್ಣ ಬಾಯಿ ಬಿಟ್ಟರು.

"ನಾಳೆ ಸಂಜೆವರೆಗೆ ಟೈಮ್ ಇದೆ ಅಲ್ದಾ? ಬೆಳಗ್ಗೆ ಆಫೀಸಿಗೊಂದು ಫೋನ್ ಮಾಡಿ ಕೇಳ್ಬಿಡಾಣ."

"ಮೇಲ್‌ನಲ್ಲಿರೋ ನಂಬರಿಗೆ ಮಾಡಿದ್ರೆ ಕಳ್ಳನೇ ಎತ್ತಿ ಮಾತಾಡ್ತಾನೆ ರುದ್ರಪ್ಪಣ್ಣ."

"ಆ ನಂಬರು ಯಾಕೆ ಮಾರಾಯ್ತಿ? ಅರ್ಜಿ ಕರೆದಿದ್ರಲ್ಲ, ಆ ಪೇಪರಿನಲ್ಲಿ ಇರ್ತದಲ್ಲ ಆಫೀಸಿನ ನಂಬರು."

ಇಲ್ಲಿ ನಾನು ನಿಲ್ಲಬಹುದಿತ್ತು. ಅವರು ಹೇಳಿದ್ದರಲ್ಲಿ ಬಿರುಕಿರಲಿಲ್ಲ. ಬಿರುಕಿಲ್ಲದ ಮಾತನ್ನು ನಗೆಯಿಂದ ಹೊಡೆಯಬೇಕು ಎನ್ನುವುದೂ ಚರ್ಚಾಸ್ಪರ್ಧೆಯಲ್ಲೇ ಕಲಿತ ವಿದ್ಯೆ. "ಬಂದ ಪ್ರತಿ ಮೇಲ್‌ಗೂ ಫೋನ್ ಮಾಡಿ ಕೇಳ್ತಾ ಕೂತರೆ, ನಾಲ್ಕು ವಾರ ಇಲ್ಲಿ ಬಂದು ಕೂತಿದ್ದು ಯಾಕೆ? ಲಾರಿ ಬರೋ ತನಕ ಕಾಯೋಕಾ?" ಎಂದೆ. ಕೊಠಡಿ ಗೊಳ್ಳೆಂದಿತು. ರುದ್ರಪ್ಪಣ್ಣ ತಾವೂ ಸಣ್ಣಗೆ ನಕ್ಕು ಸುಮ್ಮನಾದರು.

ಸುಮಿತ್ರಕ್ಕ ಎಲ್ಲರ ಮುಂದೆ ಮೇಲ್ ಅಳಿಸಿದರು. ನಾನು ಬಿಡಲಿಲ್ಲ. ಅಳಿಸಿದ ಮೇಲ್‌ಗಳು ಹೋಗಿ ಕೂರುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿಸಿದೆ. ಆ ವಿಳಾಸವನ್ನು ಬ್ಲಾಕ್ ಮಾಡಿಸಿದೆ. ಬ್ಲಾಕ್ ಎಂದರೆ, ಆ ವಿಳಾಸದಿಂದ ಮುಂದೆ ಏನೇ ಬಂದರೂ ನಮ್ಮ ಕಣ್ಣಿಗೆ ಬೀಳದೆ ನೇರ ಸ್ಪ್ಯಾಮ್ ಎಂಬ ಮೂಲೆಗೆ ಹೋಗುತ್ತದೆ. "ನೋಡಿ, ಆತ್ಮವಿಶ್ವಾಸ ಅಂದರೆ ಇದು" ಎಂದೆ. ಚಪ್ಪಾಳೆ ಬಿತ್ತು. ಸಂಜೆ ಕೊಪ್ಪಕ್ಕೆ ಬಂದವಳು ವಾರದ ವರದಿಯಲ್ಲಿ ಬರೆದೆ: ಎನ್.ಆರ್.ಪುರ ತಂಡದ ಒಬ್ಬ ಸದಸ್ಯೆಗೆ ಬಂದ ಫಿಶಿಂಗ್ ಮೇಲ್ ಅನ್ನು ಗುರುತಿಸಿ, ಮೋಸ ತಡೆಯಲಾಗಿದೆ.

ಐದನೇ ವಾರ ಮುಗಿದು, ತಂಡ ಚದುರಿ, ನಾನು ಶೃಂಗೇರಿಯಲ್ಲಿ ಹೊಸ ತಂಡ ಶುರು ಮಾಡಿದ್ದೆ. ಒಂದು ಮಧ್ಯಾಹ್ನ ಸುಮಿತ್ರಕ್ಕ ಫೋನ್ ಮಾಡಿದರು.

"ಮೇಡಂ, ಲಿಸ್ಟ್ ಬಂದಿದೆ. ವೆಬ್‌ಸೈಟಿನಲ್ಲಿ."

"ಏನಾಯ್ತು ಅಕ್ಕ?"

"ಎರಡನೇ ರ‍್ಯಾಂಕ್. ಪಕ್ಕದಲ್ಲಿ 'ದಾಖಲೆ ಸಲ್ಲಿಸಿಲ್ಲ, ತಿರಸ್ಕೃತ' ಅಂತ ಹಾಕಿದ್ದಾರೆ."

ನಾನು ಆಗ ಹೇಳಿದ ಮಾತನ್ನು ಬಚ್ಚಿಡುವುದಿಲ್ಲ. "ಆ ಲಿಸ್ಟೇ ನಕಲಿ ಇರಬಹುದು ಅಕ್ಕ" ಎಂದೆ.

ಅವರು ನಿಧಾನವಾಗಿ ಹೇಳಿದರು. "ನಾನು ಫೋನ್ ಮಾಡಿ ಕೇಳಿದೆ ಮೇಡಂ. ಅರ್ಜಿ ಕರೆದ ಪೇಪರಿನಲ್ಲಿದ್ದ ನಂಬರಿಗೆ. ಎರಡನೇ ಸಲಕ್ಕೇ ಎತ್ತಿದ್ರು. ಮೇಲ್ ಅವರದ್ದೇ. ಸೋಮವಾರ ಬೆಳಗ್ಗೆ ಇನ್ನೊಂದು ಕಳಿಸಿದ್ರಂತೆ, ನೆನಪು ಮಾಡೋಕೆ."

ಆ ಇನ್ನೊಂದು ಮೇಲ್ ಅವರ ಫೋನಿನ ಸ್ಪ್ಯಾಮ್ ಮೂಲೆಯಲ್ಲಿ ಓದದೇ ಬಿದ್ದಿತ್ತು.

ಮರುವಾರ ಇಬ್ಬರೂ ಎರಡು ಬಸ್ ಬದಲಿಸಿ ಆ ಕಚೇರಿಗೆ ಹೋದೆವು. ಸುಮಿತ್ರಕ್ಕ ಪ್ರಮಾಣಪತ್ರಗಳ ಫೈಲನ್ನು ಎದೆಗೆ ಹಿಡಿದುಕೊಂಡಿದ್ದರು. ನಾನು ದಾರಿಯುದ್ದಕ್ಕೂ ವಾದ ಜೋಡಿಸಿಕೊಂಡು ಹೋಗಿದ್ದೆ. ಕೌಂಟರಿನ ಹಿಂದಿದ್ದ ಅಧಿಕಾರಿ ಒರಟರೇನಲ್ಲ, ಕುರ್ಚಿ ಕೊಟ್ಟರು.

ನಾನು ಶುರು ಮಾಡಿದೆ. "ಸಂಸ್ಥೆಗೆ ತನ್ನದೇ ಮೇಲ್ ವಿಳಾಸ ಇದೆ. ಅದನ್ನು ಬಿಟ್ಟು ಪುಕ್ಕಟೆ ವಿಳಾಸದಿಂದ ಯಾಕೆ ಕಳಿಸಿದ್ರಿ?"

"ಅದರ ಜಾಗ ತುಂಬಿ ಹೋಗಿತ್ತು ಮೇಡಂ. ಹೊರಗಿನಿಂದ ಕೆಲಸಕ್ಕೆ ಬಂದಿದ್ದ ಹುಡುಗರು ಅರ್ಜೆಂಟಿಗೆ ಒಂದು ಮಾಡಿದ್ರು."

"ವೆಬ್‌ಸೈಟಿನಲ್ಲಿ ಒಂದು ಸಾಲಿನ ಪ್ರಕಟಣೆ ಹಾಕಲಿಲ್ಲ. ಶುಕ್ರವಾರ ಸಂಜೆ ಕಳಿಸಿ ಸೋಮವಾರ ಕೊನೆ ಅಂದ್ರಿ. ಹೆಸರಿಲ್ಲ, ಸಹಿಯಿಲ್ಲ. ಕಳ್ಳರೂ ಹೀಗೇ ಬರೀತಾರೆ ಸರ್. ನೀವು ಕಳ್ಳರ ಹಾಗೆ ಬರೆದರೆ ಜನ ಏನು ತಿಳ್ಕೋಬೇಕು?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಹೇಳೋದು ಸರಿ. ಆದರೆ ಉಳಿದವರೆಲ್ಲ ಅಪ್‌ಲೋಡ್ ಮಾಡಿದ್ದಾರಲ್ಲ. ಇವರೊಬ್ಬರೇ ಮಾಡಲಿಲ್ಲ. ಇವರಿಗೆ ಯಾರು ಹೇಳಿದ್ರು ಡಿಲೀಟ್ ಮಾಡಿ ಅಂತ?"

ಸುಮಿತ್ರಕ್ಕ ನನ್ನ ಕಡೆ ನೋಡಲಿಲ್ಲ. ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದರು. "ನಾನೇ ಮಾಡಿದ್ದು ಸರ್" ಎಂದರು.

"ನಾನು ಹೇಳಿದ್ದು" ಎಂದೆ. "ನಾನು ಇವರಿಗೆ ಟ್ರೈನಿಂಗ್ ಕೊಟ್ಟವಳು."

ಅಧಿಕಾರಿ ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು. ಮನವಿ ಬರೆದು ಕೊಡಿ, ಮೇಲೆ ಕಳಿಸುತ್ತೇನೆ, ಭರವಸೆ ಕೊಡಲಾರೆ ಎಂದರು. ನನ್ನ ಬದುಕಿನಲ್ಲೇ ಅತ್ಯಂತ ಚೊಕ್ಕವಾದ ಮನವಿಯನ್ನು ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ತಪ್ಪು ಯಾರದು, ಯಾವ ಕ್ರಮದಲ್ಲಿ ನಡೆಯಿತು, ಅಭ್ಯರ್ಥಿ ಯಾಕೆ ನಿರ್ದೋಷಿ, ಎಲ್ಲವೂ ಅದರಲ್ಲಿತ್ತು.

ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿದೆವು. ನಾನು ಕ್ಷಮೆ ಕೇಳಿದೆ. ಅವರು ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಲೋಟ ಕೆಳಗಿಟ್ಟು ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ ಮಾತಾಡಿದರು.

"ನಮ್ಮ ಲ್ಯಾಬಿನಲ್ಲಿ ಬಣ್ಣ ನೋಡಿದ ಕೂಡ್ಲೆ ಗೊತ್ತಾಯ್ತು ಅಂತ ಯಾರೂ ರಿಪೋರ್ಟ್ ಬರೆಯಲ್ಲ. ಅನುಮಾನ ಬಂತಾ, ಇನ್ನೊಂದ್ಸಲ ರಕ್ತ ತೆಗೆದು ಬೇರೆ ಥರ ನೋಡ್ತೀವಿ. ಮೊದಲನೇ ಸ್ಯಾಂಪಲ್ ಚೆಲ್ಲದೂ ಇಲ್ಲ. ಹನ್ನೆರಡು ವರ್ಷ ದಿನಾ ಇದನ್ನೇ ಮಾಡಿದ್ದೀನಿ. ಅವತ್ತು ಎಂತ ಆಯ್ತೋ, ಎಲ್ಲರೂ ಕೆಂಪು ಎತ್ತಿದ್ರಲ್ಲ."

ನಾನು ಎದ್ದು ಹೋಗಿ ಕಾಫಿಯ ದುಡ್ಡು ಕೊಟ್ಟು ಬಂದೆ.

ಮನವಿಗೆ ಉತ್ತರ ಬಂದದ್ದು ಎರಡು ತಿಂಗಳ ನಂತರ. ನಿಯಮದಲ್ಲಿ ಅವಕಾಶವಿಲ್ಲ ಎಂಬ ಒಂದೇ ಸಾಲು. ಆ ಹೊತ್ತಿಗೆ ಮೂರನೇ ರ‍್ಯಾಂಕಿನವರು ಕೆಲಸಕ್ಕೆ ಸೇರಿ ಆಗಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಆ ಪಟ್ಟಿಯಲ್ಲಿ ಉಳಿದವರೆಲ್ಲ ಗೊತ್ತಿಲ್ಲದ ವಿಳಾಸದಿಂದ ಬಂದ ಗೊತ್ತಿಲ್ಲದ ಲಿಂಕಿಗೆ ತಮ್ಮ ಆಧಾರ್ ಹಾಕಿದರು, ಅದಕ್ಕೆ ಬಹುಮಾನ ಸಿಕ್ಕಿತು. ಎಚ್ಚರದಿಂದಿದ್ದ ಒಬ್ಬರಿಗೆ ಶಿಕ್ಷೆಯಾಯಿತು. ಹೀಗೆ ಪತ್ರ ಬರೆಯುವ ಕಚೇರಿಗಳು ವರ್ಷವಿಡೀ ಕಳ್ಳರಿಗೆ ದಾರಿ ಸವೆಸಿ ಕೊಡುತ್ತಿರುತ್ತವೆ. ಜನ ಮೋಸ ಹೋದಾಗ ಮಾತ್ರ ಜನರಿಗೆ ತಿಳಿವಳಿಕೆ ಇಲ್ಲ ಎಂದು ಭಾಷಣ ಮಾಡುತ್ತವೆ. ಈ ವಾದದಲ್ಲಿ ಈಗಲೂ ನನ್ನನ್ನು ಯಾರೂ ಸೋಲಿಸಲಾರರು. ಸುಮಿತ್ರಕ್ಕನಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎನ್ನುವುದು ಬೇರೆ ವಿಷಯ.

ನಮ್ಮ ಸಂಸ್ಥೆಯಲ್ಲಿ ಆ ವಾರದ ವರದಿಯನ್ನು ತಿದ್ದಬೇಕೆಂದು ಕೇಳಿದೆ. 'ಮೋಸ ತಡೆಯಲಾಗಿದೆ' ಎಂಬ ಸಾಲು ಅಷ್ಟರಲ್ಲಿ ವಾರ್ಷಿಕ ಪುಸ್ತಿಕೆಗೆ ಸೇರಿ, ಅಚ್ಚಾಗಿ, ಹಂಚಿಕೆಯೂ ಆಗಿತ್ತು. ಮೇಲಿನವರು, "ಒಂದು ಕೇಸಿಗೆ ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯ? ಸಾವಿರದಲ್ಲಿ ಒಂದು" ಎಂದರು. ಸಾವಿರ ಎಂದು ಅವರಿಗೆ ಯಾರು ಹೇಳಿದರೋ. ನಾವು ಅಳಿಸಿದ ಉಳಿದ ಮೇಲ್‌ಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಒಂದನ್ನಾದರೂ ನಾವು ವಿಚಾರಿಸಿ ನೋಡಿದ್ದರೆ ತಾನೇ ಲೆಕ್ಕ ಸಿಗುವುದು?

ರುದ್ರಪ್ಪಣ್ಣನಿಗೆ ಹೇಳದೇ ಇರಲಾಗಲಿಲ್ಲ. ಅಂಗಡಿಗೆ ಹೋದೆ. ಮೊಳೆ ತೂಗುತ್ತಾ ಎಲ್ಲ ಕೇಳಿದರು. ನಾನು ಹೇಳಿದ್ದೆನಲ್ಲ ಎನ್ನುತ್ತಾರೆಂದು ಕಾದಿದ್ದೆ. ಅವರು ಹಾಗೆ ಅನ್ನಲಿಲ್ಲ.

"ನಂದೂ ತಪ್ಪಿದೆ ಮಾರಾಯ್ತಿ. ಗಿರಾಕಿ ಜೋರು ಮಾತಾಡಿದ್ರೆ ನಾವು ಸುಮ್ನಾಗೋದು, ಅದು ಅಂಗಡಿ ಅಭ್ಯಾಸ. ಅವತ್ತು ಸುಮ್ನಾಗಬಾರ್ದಿತ್ತು. ಆ ಹೆಣ್ಣುಮಗಳಿಗೆ ಕ್ಲಾಸ್ ಬಿಟ್ಟ ಮೇಲಾದ್ರೂ ಹೇಳ್ಬೋದಿತ್ತು." ತಕ್ಕಡಿ ಇಳಿಸಿ ಕೇಳಿದರು: "ಈಗ್ಲೂ ಮೂವತ್ತು ಸೆಕೆಂಡ್ ಎಣಿಸ್ತೀಯಾ?"

ಇಲ್ಲ ಎಂದೆ.

ನಿಜಕ್ಕೂ ಈಗ ಎಣಿಸುವುದಿಲ್ಲ. ಕಾರ್ಡ್‌ಗಳನ್ನೂ ಬಿಟ್ಟಿದ್ದೇನೆ. ಆರು ಲಕ್ಷಣಗಳನ್ನು ಈಗಲೂ ಹೇಳಿಕೊಡುತ್ತೇನೆ, ಅವು ಅನುಮಾನ ಹುಟ್ಟಿಸಲು ಸಾಕು, ತೀರ್ಪು ಕೊಡಲು ಸಾಲದು ಎಂಬ ಮಾತಿನೊಂದಿಗೆ. ಅನುಮಾನ ಬಂದ ಮೇಲ್‌ನಲ್ಲಿ ಏನನ್ನೂ ಒತ್ತಬಾರದು, ಏನನ್ನೂ ಅಳಿಸಲೂಬಾರದು. ಅದನ್ನು ಅಲ್ಲೇ ಬಿಟ್ಟು, ಕಚೇರಿಯ ನಂಬರನ್ನು ಬೇರೆ ಕಡೆಯಿಂದ, ಅಂದರೆ ಅರ್ಜಿಯಿಂದ, ಪಾಸ್‌ಬುಕ್ಕಿನಿಂದ, ಹಳೆಯ ರಸೀದಿಯಿಂದ ಹುಡುಕಿ ಫೋನ್ ಮಾಡಬೇಕು. ತರಗತಿಯಲ್ಲಿ ಪ್ರತಿಯೊಬ್ಬರೂ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಒಮ್ಮೆ ಹಾಗೆ ಫೋನ್ ಮಾಡಬೇಕು. ಕಚೇರಿ ತೆರೆದಿರಬೇಕಲ್ಲ, ಅದಕ್ಕೆ ತರಗತಿಯನ್ನು ಭಾನುವಾರದಿಂದ ವಾರದ ದಿನಕ್ಕೆ ಬದಲಿಸಿದೆ. ಬರುವವರು ಕಡಿಮೆಯಾದರು. ಎರಡು ಮೇಲ್ ವಿಚಾರಿಸುವುದರಲ್ಲಿ ಒಂದು ಗಂಟೆ ಹೋಗುತ್ತದೆ, ಚಪ್ಪಾಳೆ ಬೀಳುವುದಿಲ್ಲ. ಅರ್ಧಕ್ಕರ್ಧ ಕಚೇರಿಗಳು ಫೋನ್ ಎತ್ತುವುದೂ ಇಲ್ಲ. ಎತ್ತದಿದ್ದರೆ ಏನು ಮಾಡುವುದು ಎಂದು ಜನ ಕೇಳುತ್ತಾರೆ. ಬಸ್ ಹತ್ತಿ ಹೋಗಿ ಎನ್ನುತ್ತೇನೆ. ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಆತ್ಮವಿಶ್ವಾಸ ಕೊಡುತ್ತಿದ್ದೇನೆ ಎಂದುಕೊಂಡು ನಾನು ಹಂಚುತ್ತಿದ್ದದ್ದು ನನ್ನ ಧೈರ್ಯವನ್ನು. ಪರಿಣಾಮ ಮಾತ್ರ ಅವರದು. ತಪ್ಪಾದರೆ ನನ್ನ ಕೆಲಸ ಹೋಗುವುದಿಲ್ಲ, ಅವರದು ಹೋಗುತ್ತದೆ. ಹೀಗಿರುವಾಗ ಇನ್ನೊಬ್ಬರ ಮೇಲ್ ಬಗ್ಗೆ ತೀರ್ಪು ಹೇಳುವವರು, ಅದನ್ನು ವಿಚಾರಿಸುವ ಕಷ್ಟವನ್ನೂ ತಾವೇ ತೆಗೆದುಕೊಳ್ಳಬೇಕು. ಅದಾಗದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು.

ಸುಮಿತ್ರಕ್ಕ ಅದೇ ಲ್ಯಾಬಿನಲ್ಲಿದ್ದಾರೆ. ವಯೋಮಿತಿ ದಾಟಿತು. ಇದನ್ನು ಬರೆಯುವ ಮೊದಲು ಹೋಗಿ ಕೇಳಿದೆ. ಹೊರಗೆ ರೋಗಿಗಳು ಕಾಯುತ್ತಿದ್ದರು, ಕೈಗವಸು ತೆಗೆಯದೆ ನಿಂತೇ ಮಾತಾಡಿದರು.

"ಬರೀರಿ. ಹೆಸರು ಬೇಡ. ಮೋಸ ಹೋದವಳು ಅಂತ ಮಾತ್ರ ಬರೀಬೇಡಿ. ನನಗೆ ಯಾವ ಕಳ್ಳನೂ ಎಂತದೂ ಮಾಡಿಲ್ಲ."

ಆಮೇಲೆ ಮುಂದಿನವರ ಹೆಸರು ಕೂಗಿದರು.